ಘಟ್ಟ ಇಳಿದು ಕಡಲ ದಂಡೆಯ ಊರಿನಲ್ಲಿ ಮನೆ ಹಿಡಿಯುವ ಮೊದಲು ಏನು ಕೇಳಬೇಕು?

"ಉಡುಪಿ ಹತ್ತಿರದ ಕೋಡಿಬೆಂಗ್ರೆ ಕಡೆ ಮೀನುಗಾರರ ಹಳೇ ಊರಲ್ಲಿ ಒಂದು ಮನೆ ಹಿಡಿದು ಎರಡು ದಿನ ಇರೋಣ ಅಂತಿದ್ದೀವಿ. ಏನೇನು ವಿಚಾರಿಸಬೇಕು?" ಸಾಗರ, ಹೊಸನಗರ, ತೀರ್ಥಹಳ್ಳಿಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ಮೊದಲು ಬಾವಿ ವಿಚಾರಿಸಿ. ಗುಡ್ಡದಿಂದ ತಾನಾಗಿ ಹರಿದುಬರುವ ದಂಬೆ ನೀರಿನ ರೂಢಿಯವರಾದ ನಮಗೆ ಇದು ಹೊಳೆಯುವುದೇ ಇಲ್ಲ. ಕಡಲ ದಂಡೆಯಲ್ಲಿ ಮರಳಿಗೆ ಇಂಗಿದ ಮಳೆನೀರು ಅಡಿಯ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಸಿಹಿನೀರು ಹಗುರ ನೋಡಿ. ಸಮುದ್ರಮಟ್ಟಕ್ಕಿಂತ ಮೇಲೆ 1 ಅಡಿ ಸಿಹಿನೀರಿದ್ದರೆ ಕೆಳಗೆ ಹತ್ತಿರ ಹತ್ತಿರ 40 ಅಡಿ ಇರುತ್ತದೆ ಎಂಬುದು ಲೆಕ್ಕ. ಹಾಗಾಗಿ ಮೇಲೆ ಅರ್ಧ ಅಡಿ ಇಳಿದರೂ ಕೆಳಗಿನ ಉಪ್ಪುನೀರು 20 ಅಡಿಯಷ್ಟು ಏರಿಬರಬಹುದು. ಪಂಪು ಹಾಕಿ ಬಿಡದೆ ಟ್ಯಾಂಕ್ ತುಂಬಿಸಿದರೆ ಬಾವಿ ಕೆಡುವುದು ಹೀಗೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಕಾಟ ಹೆಚ್ಚು. ಹೋದ ಕೂಡಲೇ ಒಂದು ಚೊಂಬು ನೀರಲ್ಲಿ ಸೋಪು ಉಜ್ಜಿ ನೋಡಿ. ನೊರೆ ಬರದಿದ್ದರೆ ಕುಡಿಯಲು, ಅಡುಗೆಗೆ ಬೇರೆ ನೀರು ತರಿಸಿಕೊಳ್ಳಿ. ಸ್ನಾನ ತಲೆಗೊಂದು ಬಕೆಟ್‌ನಲ್ಲಿ ಮುಗಿಯಲಿ. ನೆರೆಮನೆಯ ಬಾವಿಗೂ ಅದೇ ನೀರು.

ಹೋಗಲು ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಕಡಲೂ ಕೆರಳಿರುತ್ತದೆ. ಮಳೆ ನೋಡಲು ನಾವು ಘಟ್ಟ ಇಳಿಯಬೇಕಾಗಿಲ್ಲ.

ದಂಡೆಯಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದರೆ ನಿಂತು ನೋಡಿ. ಹಗ್ಗದ ಒಂದು ತುದಿ ದಡದಲ್ಲೇ ಇರುತ್ತದೆ. ದೋಣಿ ಅರ್ಧಚಂದ್ರದ ಹಾಗೆ ಬಲೆ ಬಿಡುತ್ತಾ ಹೋಗಿ ಇನ್ನೊಂದು ತುದಿಯನ್ನು ದೂರದಲ್ಲಿ ದಡ ಸೇರಿಸುತ್ತದೆ. ಎರಡೂ ಸಾಲಿನವರು ಎಳೆಯುತ್ತಲೇ ಹತ್ತಿರ ಹತ್ತಿರ ಸರಿಯುತ್ತಾರೆ. ಕೊನೆಗೆ ಬಲೆಯ ಚೀಲ ಮರಳಿಗೆ ಬಂದಾಗ ಬೂತಾಯಿ, ಬಂಗುಡೆ ಪಟಪಟ ಬಡಿದುಕೊಳ್ಳುತ್ತವೆ. ಬಿಗಿದ ಹಗ್ಗ ಮಾತ್ರ ದಾಟಬೇಡಿ. ಕೈ ಹಾಕುವ ಆಸೆಯಿದ್ದರೆ ಕೇಳಿ ಹಾಕಿ. ಮೀನು ಬೇಕಿದ್ದರೆ ಅಲ್ಲೇ ಕೊಳ್ಳಿ. ಬೇರೆ ಕಡೆ ಕೊಳ್ಳುವಾಗ ಕಿವಿರು ಎತ್ತಿ ನೋಡಿ: ಕೆಂಪಗಿರಬೇಕು, ಕಣ್ಣು ಉಬ್ಬಿ ಹೊಳೆಯಬೇಕು, ಬೆರಳಿಂದ ಒತ್ತಿದ ಗುಳಿ ಮತ್ತೆ ತುಂಬಿಕೊಳ್ಳಬೇಕು.

ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಯಾರನ್ನೂ ನೀರಿಗೆ ಬಿಡಬೇಡಿ. ಇಳಿತದ ಹೊತ್ತಿಗೆ ಹೊಳೆಯ ನೀರೆಲ್ಲ ಆ ಕಿರಿದಾದ ಬಾಯಿಂದ ಕಡಲಿಗೆ ಧಾವಿಸುತ್ತದೆ. ತುಂಗೆಯಲ್ಲಿ ಈಜಿದ ಧೈರ್ಯ ಅಲ್ಲಿ ಸಾಲದು. ಭರತ, ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆದ್ದರಿಂದ ನಿನ್ನೆಯ ಸಮಯ ನಂಬಬೇಡಿ, ದೋಣಿಯವರನ್ನೇ ಕೇಳಿ. ಬೇರೆಡೆ ಈಜುವಾಗಲೂ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ತಿರುಗಬೇಕು.

ದಾರಿ ನಿಮಗೆ ಗೊತ್ತಿದ್ದದ್ದೇ. ಆಗುಂಬೆಯ 14 ತಿರುವುಗಳಲ್ಲಿ ಭಾರೀ ವಾಹನಕ್ಕೆ ಅವಕಾಶವಿಲ್ಲ. ಸಾಗರದವರಿಗೆ 2025ರ ಜುಲೈಯಿಂದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯಿದೆ, ಕೊಲ್ಲೂರಿಗೆ ಲಾಂಚ್ ಕಾಯದೆ ಇಳಿಯಬಹುದು.

ಉಪ್ಪುಗಾಳಿ ಕಬ್ಬಿಣ ತಿನ್ನುತ್ತದೆ. ಮನೆಗೆ ಹೋದಾಗಲೇ ಬಾಗಿಲ ಚಿಲಕ, ಕಿಟಕಿಯ ಕೊಂಡಿ ಸರಿಯಾಗಿ ಬೀಳುತ್ತವೆಯೇ ನೋಡಿ. ಊರಿಗೆ ಮರಳಿದ ದಿನವೇ ಗಾಡಿಯ ತಳಕ್ಕೆ ಸಿಹಿನೀರು ಹೊಡೆಸಿ.