ಡಾಟಿ ಥಾಮಸ್ ಮತ್ತು ನಮ್ಮ ಲ್ಯಾಬಿನ ಮೇಜು

ಅಸ್ಥಿಮಜ್ಜೆ, ಅಂದರೆ ಮೂಳೆಯೊಳಗೆ ರಕ್ತ ಹುಟ್ಟುವ ಮೃದು ಭಾಗ, ಅದರ ಕಸಿಯ ಮಾತು ಬಂದಾಗ ಎಲ್ಲರೂ ನೆನೆಯುವುದು ಡಾ. ಇ. ಡೊನಾಲ್ ಥಾಮಸ್ ಅವರನ್ನು. 1990ರ ನೊಬೆಲ್‌ನಲ್ಲಿ ಅವರಿಗೂ ಪಾಲಿತ್ತು. ನನಗೆ ಮಾತ್ರ ಮೊದಲು ನೆನಪಾಗುವವರು ಅವರ ಹೆಂಡತಿ ಡಾಟಿ. ಪತ್ರಿಕೋದ್ಯಮ ಓದುತ್ತಿದ್ದ ಆಕೆ, ಗಂಡ ಡಾಕ್ಟರಿಕೆ ಕಲಿಯುವಾಗ ಅದನ್ನು ಬಿಟ್ಟು ಲ್ಯಾಬ್ ಟೆಕ್ನೀಷಿಯನ್ ಆದರು. ಸಂಶೋಧನೆಯ ಉದ್ದಕ್ಕೂ ಲ್ಯಾಬ್ ಕೆಲಸ, ಪ್ರಬಂಧ ತಿದ್ದುವುದು, ಕಚೇರಿ ನಡೆಸುವುದು ಎಲ್ಲದರಲ್ಲೂ ಜೊತೆಗಿದ್ದರು. ತುಮಕೂರಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂರುವ ನನಗೆ ಆಕೆ ನಮ್ಮವರೇ ಅನಿಸುತ್ತಾರೆ.

ರಕ್ತದ ಕ್ಯಾನ್ಸರ್ ಆದ ಲ್ಯುಕೇಮಿಯಾವನ್ನು ಎಷ್ಟೋ ಸಲ ಮೊದಲು ನೋಡುವವರು ನಾವು. ರಕ್ತಕಣ ಎಣಿಸುವ ಸಿಬಿಸಿ ಯಂತ್ರ ಬಿಳಿ ಕಣ ವಿಪರೀತ ಎಂದು ತೋರಿಸುತ್ತದೆ. ಸ್ಲೈಡಿನ ಮೇಲೆ ರಕ್ತವನ್ನು ತೆಳುವಾಗಿ ಹರಡಿ ಸ್ಮಿಯರ್ ಎಳೆದು, ಲೀಶ್ಮನ್ ಸ್ಟೇನ್ ಎಂಬ ಬಣ್ಣ ಹಾಕಿ, ಬಫರ್ ಸುರಿದು, ತೊಳೆದು, ಒಣಗಿಸಿ ಆಯಿಲ್ ಲೆನ್ಸ್ ಇಳಿಸಿದರೆ ಬಲಿಯದ ಕಣಗಳಾದ ಬ್ಲಾಸ್ಟ್‌ಗಳು ಕಾಣುತ್ತವೆ: ಕಣದ ತುಂಬಾ ನ್ಯೂಕ್ಲಿಯಸ್ಸೇ. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಇನ್ನೂ ಏನೂ ಗೊತ್ತಿರುವುದಿಲ್ಲ. ಪೆಥಾಲಜಿಸ್ಟ್ ಮೇಡಂ ನೋಡಿ ಬೆಂಗಳೂರಿಗೆ ಬರೆದುಕೊಡುತ್ತಾರೆ.

ಥಾಮಸ್ 1957ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆರು ರೋಗಿಗಳು. ವಿಕಿರಣ ಅಥವಾ ಕೀಮೋ ಕೊಟ್ಟು, ಬೇರೆಯವರ ಮಜ್ಜೆಯನ್ನು ರಕ್ತನಾಳಕ್ಕೆ ಹರಿಸಿದ್ದರು. ಒಬ್ಬರೂ ನೂರು ದಿನ ಬದುಕಲಿಲ್ಲ. ಹಲವರು ಈ ದಾರಿಯನ್ನೇ ಬಿಟ್ಟರು. ಈ ದಂಪತಿ ಬಿಡಲಿಲ್ಲ. ಥಾಮಸ್ ತಂಡ ನಾಯಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ, ಅಂಗಾಂಶ ಹೊಂದುವ ಒಡಹುಟ್ಟಿದ ಮರಿಯಿಂದ ಮಜ್ಜೆ ತೆಗೆದು, ಕಸಿಯ ಕಣಗಳು ದೇಹದ ಮೇಲೆಯೇ ತಿರುಗಿ ಬೀಳದಂತೆ ತಡೆಯುವ ಮೆಥೊಟ್ರೆಕ್ಸೇಟ್ ಔಷಧ ಕೊಟ್ಟರೆ ನಾಯಿ ಉಳಿಯುತ್ತದೆ ಎಂದು ಕಂಡುಕೊಂಡಿತು. ಮತ್ತೆ ಮನುಷ್ಯರ ಕಡೆ ಬಂದರು. 1977ರಲ್ಲಿ, ಬೇರೆ ಯಾವ ಔಷಧಕ್ಕೂ ಬಗ್ಗದ ಲ್ಯುಕೇಮಿಯಾದ ನೂರು ಜನರ ಲೆಕ್ಕ ಕೊಟ್ಟರು: ಹದಿಮೂರು ಜನ ಬದುಕಿದ್ದರು. ಇವತ್ತಿನವರಿಗೆ ಅದು ಸಣ್ಣ ಸಂಖ್ಯೆ. ನನಗೆ ಆ ಹದಿಮೂರು ಬಹಳ ದೊಡ್ಡದು. ರೋಗ ಹತೋಟಿಯಲ್ಲಿರುವಾಗಲೇ ಕಸಿ ಮಾಡಿದರೆ ಇನ್ನೂ ಹೆಚ್ಚು ಜನ ಉಳಿಯುತ್ತಾರೆ ಎಂಬುದು ಆಮೇಲೆ ತಿಳಿಯಿತು.

ನಮ್ಮಲ್ಲಿಗೆ ಬಂದ ಪಾವಗಡದ ಕಡೆಯ ಹುಡುಗನಿಗೂ ಕಸಿಯೇ ಬೇಕಾಯಿತು. ಒಡಹುಟ್ಟಿದವರಲ್ಲಿ ಅಂಗಾಂಶದ ಗುರುತಾದ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಕ್ಕನದು ಹೊಂದಿತು. ಅವಳ ಅತ್ತೆ ನನ್ನ ಕೈ ಹಿಡಿದು ಕೇಳಿದರು: "ಬೆನ್ನುಮೂಳೆ ಕೊರೀತಾರಂತಲ್ಲಮ್ಮ, ನಾಳೆ ಇವಳಿಗೆ ಮಕ್ಕಳಾಗ್ತವಾ?" ಈ ಭಯ ಎಷ್ಟೋ ಮನೆಗಳಲ್ಲಿದೆ. ಹೆಣ್ಣುಮಗಳು ತವರಿಗೆ ಏನಾದರೂ ಕೊಡಬೇಕಾದರೆ ಇನ್ನೂ ಹೆಚ್ಚು. "ಬೆನ್ನುಮೂಳೆ ಯಾರೂ ಮುಟ್ಟಲ್ಲ ಅಮ್ಮ. ನಾಲ್ಕೈದು ದಿನ ಇಂಜೆಕ್ಷನ್ ಕೊಡ್ತಾರೆ, ಆಗ ಮಜ್ಜೆಯೊಳಗಿನ ಕಾಂಡಕೋಶಗಳು, ಅಂದ್ರೆ ರಕ್ತ ಹುಟ್ಟಿಸೋ ಕಣಗಳು, ರಕ್ತಕ್ಕೆ ಬರ್ತವೆ. ಒಂದು ತೋಳಿಂದ ತೆಗೆದು, ಯಂತ್ರದಲ್ಲಿ ಸೋಸಿ, ಉಳಿದ ರಕ್ತ ಇನ್ನೊಂದು ತೋಳಿಗೆ ವಾಪಸ್. ಮೈಕೈ ನೋವು ಬರುತ್ತೆ, ಹೋಗುತ್ತೆ. ಕೊಟ್ಟಿದ್ದು ಕೆಲವು ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತೆ. ಮಕ್ಕಳಾಗೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ" ಅಂದೆ. ಡಾಕ್ಟರೂ ಅದನ್ನೇ ಹೇಳಿದ ಮೇಲೆ ಆ ಅತ್ತೆಯೇ ಸೊಸೆಯ ಜೊತೆ ಬೆಂಗಳೂರಿಗೆ ಹೋದರು. ಅವರನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ.

ಪೂರ್ತಿ ಹೊಂದುವವರು ಸಿಗದಿದ್ದರೂ ಈಗ ದಾರಿಯಿದೆ. ಅರ್ಧ ಹೊಂದುವ ತಂದೆ, ತಾಯಿ, ಮಕ್ಕಳಿಂದಲೂ ಕಸಿ ಮಾಡುತ್ತಾರೆ. ಸಂಬಂಧವೇ ಇಲ್ಲದ ದಾನಿಗಳ ನೋಂದಣಿಯೂ ಇದೆ, ಕೆನ್ನೆಯ ಒಳಗೆ ಹತ್ತಿ ಸವರಿ ಕೊಟ್ಟರೆ ಸಾಕು. ನಮ್ಮ ಲ್ಯಾಬಿನ ಹುಡುಗ ಹುಡುಗಿಯರಿಗೆ ಹೆಸರು ಬರೆಸಿ ಎಂದು ನಾನು ಹೇಳುತ್ತಲೇ ಇರುತ್ತೇನೆ.

ಕಸಿಯಾಗಿ ತಿಂಗಳುಗಳ ಮೇಲೆ ಆ ಹುಡುಗನ ಸ್ಯಾಂಪಲ್ ಬಂತು. ಟ್ರೇನಿ ಹುಡುಗಿ ರಕ್ತದ ಗುಂಪು ನೋಡಿ ಗಾಬರಿಯಾದಳು. ಹಳೆಯ ರಿಪೋರ್ಟಿನಲ್ಲಿ ಓ, ಈಗ ಬಿ. ಮತ್ತೆ ಮಾಡಿದಳು, ಬಿ ಗುಂಪನ್ನು ಗುರುತಿಸುವ ಆಂಟಿ-ಬಿ ದ್ರವ ಹಾಕಿದ್ದು ಮತ್ತೆ ಗಂಟು ಕಟ್ಟಿತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ: ಇವನ ರಕ್ತ ತಯಾರಿಸುತ್ತಿರುವುದು ಈಗ ಅಕ್ಕನ ಕಾಂಡಕೋಶಗಳು, ಅಕ್ಕನದು ಬಿ. ಇವನ ಬಿಳಿ ಕಣದಲ್ಲಿ ಕ್ರೋಮೋಸೋಮ್ ನೋಡಿದರೂ ಹೆಣ್ಣಿನ ಎಕ್ಸ್‌ಎಕ್ಸ್ ಬರುತ್ತದೆ. ಅವಳು ರಿಜಿಸ್ಟರಿನಲ್ಲಿ "ಕಸಿಯ ನಂತರ" ಎಂದು ಷರಾ ಬರೆದು, ಸ್ಮಿಯರ್ ಎಳೆಯಲು ಸ್ಲೈಡ್ ತೆಗೆದುಕೊಂಡಳು.