ಲೇಟೆನ್ಸಿ ಇಳಿದ ದಿನವೇ ಉತ್ತರಗಳು ಖಾಲಿಯಾದವು

ಮಾಮೂಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೆಟ್ಟರೆ ಗೊತ್ತಾಗುತ್ತದೆ. ಕನೆಕ್ಷನ್ ಮುಗಿಯುತ್ತವೆ, ಡಿಸ್ಕ್ ತುಂಬುತ್ತದೆ, ಪೇಜರ್ ಬಡಿದುಕೊಳ್ಳುತ್ತದೆ. ವೆಕ್ಟರ್ ಹುಡುಕಾಟ (ಪಠ್ಯವನ್ನು ಅಂಕಿಗಳ ಸಾಲಾಗಿಸಿ, ಅರ್ಥದಲ್ಲಿ ಹತ್ತಿರವಿರುವುದನ್ನು ಹುಡುಕುವುದು) ಕೆಟ್ಟಾಗ ಇದ್ಯಾವುದೂ ಆಗುವುದಿಲ್ಲ. ಕ್ವೆರಿ ಓಡುತ್ತದೆ, ಎಲ್ಲ ಸರಿ ಎನ್ನುವ 200 ಕೋಡ್ ಬರುತ್ತದೆ, ಅದೂ ಬೇಗ ಬರುತ್ತದೆ. ಅದರೊಳಗೆ ಬರಬೇಕಾದ ಉತ್ತರ ಮಾತ್ರ ಇರುವುದಿಲ್ಲ. ಆ ದಿನದ ಕಾಲ್ ನೆನಪಾದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮದು ಕಂಪನಿಗಳ ಎಚ್‌ಆರ್ ಪಾಲಿಸಿ ದಾಖಲೆಗಳಲ್ಲಿ ಹುಡುಕಿಕೊಡುವ ಸೇವೆ. ಎಲ್ಲ ಗ್ರಾಹಕರ ದಾಖಲೆಗಳೂ ಒಂದೇ ಟೇಬಲ್‌ನಲ್ಲಿ, ಟೆನೆಂಟ್ ಐಡಿ (ಆಯಾ ಗ್ರಾಹಕರ ಗುರುತು) ಫಿಲ್ಟರ್ ಹಾಕಿ ಬೇರೆ ಮಾಡುತ್ತೇವೆ. ಪೋಸ್ಟ್‌ಗ್ರೆಸ್‌ನೊಳಗೇ ವೆಕ್ಟರ್ ಹುಡುಕುವ ಪಿಜಿವೆಕ್ಟರ್, ಹತ್ತಿರದ ವೆಕ್ಟರ್‌ಗಳನ್ನು ಗ್ರಾಫ್ ಹಿಡಿದು ಅಂದಾಜಿನಲ್ಲಿ ಬೇಗ ಹುಡುಕುವ ಎಚ್‌ಎನ್‌ಎಸ್‌ಡಬ್ಲ್ಯು ಇಂಡೆಕ್ಸ್, ಒಂದು ವೆಕ್ಟರ್‌ಗೆ 768 ಡೈಮೆನ್ಷನ್ (ಅಂಕಿ). ಬೆಳಗಿನ ಸ್ಟ್ಯಾಂಡಪ್‌ನಲ್ಲಿ ಒಬ್ಬ ಗ್ರಾಹಕರ ಪಿ95 ಲೇಟೆನ್ಸಿ (ನೂರರಲ್ಲಿ 95 ಕ್ವೆರಿಗೆ ಉತ್ತರ ಬರಲು ಸಾಕಾಗುವ ಸಮಯ) ಚೆನ್ನಾಗಿ ಇಳಿದಿದೆ ಅಂತ ಯಾರೋ ಗ್ರಾಫ್ ತೋರಿಸಿದರು. ಎಲ್ಲರಿಗೂ ಖುಷಿ. ಯಾಕೆ ಇಳಿಯಿತು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಏರಿದರೆ ತಾನೇ ನಾವು ಕಾರಣ ಹುಡುಕುವುದು?

ಊಟದ ಹೊತ್ತಿಗೆ ಅದೇ ಗ್ರಾಹಕರ ಕಡೆಯಿಂದ ಟಿಕೆಟ್ ಬಂತು. ಹುಡುಕಿದರೆ ಪುಟ ಖಾಲಿ. ಸೆವ್ ಒನ್ (ಅತಿ ತುರ್ತು) ಮಾಡಿ ಕಾಲ್ ತೆರೆದರು. ಅವರ ಎಚ್‌ಆರ್ ಮೇಡಂ ಮೊದಲ ನಿಮಿಷದಲ್ಲೇ ಹೇಳಿದರು: "ಸರ್, ನಿನ್ನೆ ತನಕ ಚೆನ್ನಾಗಿ ಬರ್ತಿತ್ತು. ನಾವು ಫೈಲ್ ಜಾಸ್ತಿ ಹಾಕಿದ ಮೇಲೆ ಏನೂ ಕಾಣ್ತಿಲ್ಲ." ಸುಳಿವು ಪೂರ್ತಿ ಆ ಮಾತಿನಲ್ಲೇ ಇತ್ತು. ಫೈಲ್ ಜಾಸ್ತಿಯಾದರೆ ಉತ್ತರ ಜಾಸ್ತಿಯಾಗಬೇಕು, ಕಡಿಮೆ ಯಾಕಾಗುತ್ತದೆ ಅಂತ ನಾವು ಅದನ್ನು ಪಕ್ಕಕ್ಕಿಟ್ಟೆವು.

ಗ್ರಫಾನಾ ಡ್ಯಾಶ್‌ಬೋರ್ಡ್‌ನಲ್ಲಿ ಎಲ್ಲವೂ ಹಸಿರು. ಸಿಪಿಯು ಆರಾಮ, ಕ್ಯಾಶ್ ಹಿಟ್ ಸರಿ, ಎರರ್ ರೇಟ್ ಸೊನ್ನೆ. ನನಗೆ ಅನುಮಾನ ಬಂದದ್ದು ಎಂಬೆಡಿಂಗ್ (ಮಾಡೆಲ್ ಪಠ್ಯವನ್ನು ವೆಕ್ಟರ್ ಮಾಡುವ ಹಂತ) ಮೇಲೆ. ಹೊಸ ಫೈಲುಗಳಿಗೆ ಬೇರೆ ಮಾಡೆಲ್‌ನ ವೆಕ್ಟರ್ ಬಿದ್ದಿರಬಹುದು ಅಂತ ವರ್ಷನ್ ಕಾಲಂ ನೋಡಿದೆ, ಅಲ್ಲೇನೂ ತಪ್ಪಿರಲಿಲ್ಲ. ಒಬ್ಬರು ಪಾಡ್ ರೀಸ್ಟಾರ್ಟ್ ಮಾಡಿದರು. ಇನ್ನೊಬ್ಬರು ಇಂಡೆಕ್ಸ್ ಕರಪ್ಟ್ ಆಗಿದೆ, ರೀಇಂಡೆಕ್ಸ್ ಮಾಡೋಣ ಅಂದರು. ಮ್ಯಾನೇಜರ್ ಕಾಲ್‌ಗೆ ಸೇರಿ "ಡೌನ್‌ಟೈಮ್ ಅಂತ ಲೆಕ್ಕ ಹಾಕಬೇಕಾ?" ಎಂದು ಕೇಳಿದರು. ಆ ಹೊತ್ತಿಗೆ ಬೇಕಾಗಿದ್ದ ಪ್ರಶ್ನೆಯೇ ಅದು? ಗ್ರಾಹಕರು ಇನ್ನೂ ಲೈನಿನಲ್ಲೇ ಇದ್ದರು. ಯಾರ ಬಳಿಯೂ ಹೇಳಲು ಏನೂ ಇರಲಿಲ್ಲ.

ಆಗ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿ ಸ್ಕ್ರೀನ್ ಶೇರ್ ಮಾಡಿದಳು. 'ಹೆರಿಗೆ ರಜೆ ಎಷ್ಟು ದಿನ' ಎಂಬ ಪ್ರಶ್ನೆ ಹಾಕಿದಳು. ಸೊನ್ನೆ ಸಾಲು. ಮತ್ತೆ ಬಿಗಿನ್ ಹೊಡೆದು, ಆ ಟ್ರಾನ್ಸಾಕ್ಷನ್‌ಗೆ ಮಾತ್ರ ಎನೇಬಲ್ ಇಂಡೆಕ್ಸ್‌ಸ್ಕ್ಯಾನ್ ಆಫ್ ಮಾಡಿ, ಅದೇ ಕ್ವೆರಿ ಓಡಿಸಿದಳು. ಸ್ವಲ್ಪ ನಿಧಾನವಾಯಿತು. ಹತ್ತು ಸಾಲು ಬಂತು, ಮೊದಲನೆಯದೇ ಹೆರಿಗೆ ರಜೆಯ ಪಾಲಿಸಿ. ದಾಖಲೆ ಎಲ್ಲೂ ಹೋಗಿರಲಿಲ್ಲ. ಇಂಡೆಕ್ಸ್ ಮೂಲಕ ಹೋದಾಗ ಮಾತ್ರ ಸಿಗುತ್ತಿರಲಿಲ್ಲ.

ಆಮೇಲೆ, ಕ್ವೆರಿ ಯಾವ ದಾರಿ ಹಿಡಿಯುತ್ತದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ನೋಡಿದಾಗ ಎಲ್ಲ ಬಿಡಿಸಿಕೊಂಡಿತು. ಈ ಗ್ರಾಹಕರ ದಾಖಲೆ ಕಡಿಮೆ ಇದ್ದಾಗ ಪ್ಲಾನರ್ (ಆ ದಾರಿ ಆರಿಸುವ ಭಾಗ) ಟೆನೆಂಟ್ ಐಡಿಯ ಬಿ-ಟ್ರೀ ಎಂಬ ಮಾಮೂಲಿ ಇಂಡೆಕ್ಸ್ ಹಿಡಿದು, ಸಿಕ್ಕಿದ್ದನ್ನೆಲ್ಲ ದೂರ ಅಳೆದು ಸಾರ್ಟ್ ಮಾಡುತ್ತಿತ್ತು. ನಿಧಾನ, ಆದರೆ ಪಕ್ಕಾ ಉತ್ತರ. ಅವರು ರಾಶಿ ಫೈಲ್ ಹಾಕಿದ ಮೇಲೆ ಟೇಬಲ್‌ನ ಅಂಕಿಅಂಶ ಹೊಸದು ಮಾಡುವ ಆಟೋ ಅನಲೈಜ್ ಓಡಿತು, ಸಾಲುಗಳ ಅಂದಾಜು ಏರಿತು, ಎಚ್‌ಎನ್‌ಎಸ್‌ಡಬ್ಲ್ಯು ಅಗ್ಗ ಅಂತ ಪ್ಲಾನರ್ ಆ ಕಡೆ ತಿರುಗಿತು. ಪಿ95 ಇಳಿದದ್ದು ಇದರಿಂದಲೇ.

ಪಿಜಿವೆಕ್ಟರ್‌ನಲ್ಲಿ ಫಿಲ್ಟರ್ ನಡೆಯುವುದು ಇಂಡೆಕ್ಸ್ ಸ್ಕ್ಯಾನ್ ಆದ ಮೇಲೆ. ಇಎಫ್ ಸರ್ಚ್ ಎಂಬ ಸೆಟ್ಟಿಂಗ್‌ನ ಡಿಫಾಲ್ಟ್ 40. ಅಂದರೆ ಇಡೀ ಟೇಬಲ್‌ನಿಂದ ಹತ್ತಿರದ 40 ಸಾಲು ತಂದು, ಅದರಲ್ಲಿ ನಿಮ್ಮ ಟೆನೆಂಟ್‌ನದು ಎಷ್ಟಿದೆಯೋ ಅಷ್ಟನ್ನೇ ಕೊಡುತ್ತದೆ. ದೊಡ್ಡ ಸಂತೆಯಲ್ಲಿ ಮೊದಲ ನಲವತ್ತು ಅಂಗಡಿ ನೋಡಿ, ಬೇಕಾದ್ದು ಸಿಗಲಿಲ್ಲ ಅಂತ ವಾಪಸ್ ಬಂದ ಹಾಗೆ. ಈ ಗ್ರಾಹಕರದು ಟೇಬಲ್‌ನಲ್ಲಿ ನೂರಕ್ಕೆ ಒಂದು ಪಾಲು. 40ರಲ್ಲಿ ಅವರದು ಸರಾಸರಿ 0.4, ಅಂದರೆ ಅರ್ಧ ಸಾಲೂ ಇಲ್ಲ. ರಜೆ ನಿಯಮ ಎಲ್ಲ ಕಂಪನಿಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ಬರೆದಿರುತ್ತಾರೆ. ಹಾಗಾಗಿ ಹತ್ತಿರದ ನಲವತ್ತೂ ಬೇರೆಯವರ ರಜೆ ನಿಯಮಗಳೇ.

ಅವತ್ತಿನ ಮಟ್ಟಿಗೆ ಇಎಫ್ ಸರ್ಚ್ ಅನ್ನು ಅದರ ಗರಿಷ್ಠ ಮಿತಿ 1000ಕ್ಕೆ ಏರಿಸಿದೆವು. ಪುಟ ತುಂಬಿತು. ಜೊತೆಗೆ ಲೇಟೆನ್ಸಿ ಅಲಾರಂ ಕೂಗಿತು. ಗ್ರಾಹಕರಿಗೆ ಏನೂ ಸಿಗದೇ ಇದ್ದಾಗ ಸುಮ್ಮನಿದ್ದ ಡ್ಯಾಶ್‌ಬೋರ್ಡ್, ಸಿಗಲು ಶುರುವಾದಾಗ ಕೆಂಪಾಯಿತು. ನಾವು ಅಳೆಯುತ್ತಿದ್ದುದು ತಪ್ಪು ಸಂಗತಿಯನ್ನು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಪಿಜಿವೆಕ್ಟರ್‌ನ 0.8.0 ವರ್ಷನ್‌ನಲ್ಲಿ ಇಟರೇಟಿವ್ ಸ್ಕ್ಯಾನ್ ಇದೆ. ಫಿಲ್ಟರ್ ಆದ ಮೇಲೆ ಸಾಲು ಸಾಲದಿದ್ದರೆ ಅದು ಇಂಡೆಕ್ಸ್‌ನಲ್ಲಿ ಮುಂದಕ್ಕೆ ಹುಡುಕುತ್ತದೆ. ಎಷ್ಟು ಸಾಲಿನವರೆಗೆ ನೋಡಬೇಕು ಎಂಬ ಮಿತಿ, ಮ್ಯಾಕ್ಸ್ ಸ್ಕ್ಯಾನ್ ಟಪಲ್ಸ್, ಡಿಫಾಲ್ಟ್ 20,000, ಸುಮಾರು ಅಲ್ಲಿಗೆ ನಿಲ್ಲುತ್ತದೆ. ನಾವು ಹಳೆಯ ವರ್ಷನ್‌ನಲ್ಲಿದ್ದೆವು. ಅಪ್‌ಗ್ರೇಡ್ ಟಿಕೆಟ್ ಬ್ಯಾಕ್‌ಲಾಗ್‌ನಲ್ಲಿ ಕೊಳೆಯುತ್ತಿತ್ತು, ಯಾಕೆಂದರೆ ಅದರಲ್ಲಿ ಗ್ರಾಹಕರಿಗೆ ತೋರಿಸುವ ಫೀಚರ್ ಏನೂ ಇರಲಿಲ್ಲ. ಈ ಇನ್ಸಿಡೆಂಟ್ ಆದ ಮೇಲೆ ಮುಂದಿನ ಮೇಂಟೆನೆನ್ಸ್ ವಿಂಡೋದಲ್ಲೇ ಒಪ್ಪಿಗೆ ಸಿಕ್ಕಿತು.

ಮಾನಿಟರಿಂಗ್‌ನಲ್ಲಿ ಈಗ ನಾನು ಮೊದಲು ನೋಡುವುದು ಎರಡು ಪ್ಯಾನೆಲ್. ಒಂದು ತೀರಾ ಅಗ್ಗದ್ದು: ಹತ್ತು ಕೇಳಿದ ಕ್ವೆರಿಗೆ ಹತ್ತಕ್ಕಿಂತ ಕಡಿಮೆ ಬಂದದ್ದು ಎಷ್ಟು ಸಲ, ಟೆನೆಂಟ್‌ವಾರು. ಆ್ಯಪ್‌ನಲ್ಲಿ ಒಂದು ಕೌಂಟರ್ ಸಾಕು. ಇನ್ನೊಂದು ರೀಕಾಲ್, ಅಂದರೆ ಸಿಗಬೇಕಾದ ಉತ್ತರಗಳಲ್ಲಿ ಎಷ್ಟು ಪಾಲು ಸಿಕ್ಕಿತು ಎಂಬುದು. ರಾತ್ರಿ ಒಂದು ಜಾಬ್ ರೆಪ್ಲಿಕಾ (ಡೇಟಾಬೇಸ್‌ನ ನಕಲು) ಮೇಲೆ ನಿಜವಾದ ಪ್ರಶ್ನೆಗಳ ಸ್ಯಾಂಪಲ್ ತೆಗೆದುಕೊಂಡು, ಇಂಡೆಕ್ಸ್ ಮೂಲಕ ಒಮ್ಮೆ, ಇಂಡೆಕ್ಸ್‌ಸ್ಕ್ಯಾನ್ ಆಫ್ ಮಾಡಿ ಒಮ್ಮೆ ಓಡಿಸಿ, ಎಷ್ಟು ಹೊಂದುತ್ತವೆ ಅಂತ ಲೆಕ್ಕ ಹಾಕುತ್ತದೆ. ಅದೇ ಜಾಬ್ ಪ್ರತಿ ಟೆನೆಂಟ್‌ನ ಪ್ಲಾನ್ ಬದಲಾಗಿದೆಯಾ ಅಂತಲೂ ಬರೆದಿಡುತ್ತದೆ. ಸರಾಸರಿ ರೀಕಾಲ್ ನೋಡಬೇಡಿ, ದಯವಿಟ್ಟು. ದೊಡ್ಡ ಗ್ರಾಹಕರ ಕ್ವೆರಿಗಳೇ ಜಾಸ್ತಿ ಇರುವುದರಿಂದ ಸರಾಸರಿ ಯಾವಾಗಲೂ ಚೆಂದ ಕಾಣುತ್ತದೆ, ಚಿಕ್ಕವರು ಅದರೊಳಗೆ ಮುಚ್ಚಿಹೋಗುತ್ತಾರೆ. ನಾವು ಎಲ್ಲರಿಗಿಂತ ಕಡಿಮೆ ಇರುವ ಟೆನೆಂಟ್‌ನ ಅಂಕಿಗೆ ಅಲಾರಂ ಕಟ್ಟಿದ್ದೇವೆ.

ಮೆಮೊರಿ ಲೆಕ್ಕ ಹೇಗೂ ಇದ್ದದ್ದೇ. 768 ಡೈಮೆನ್ಷನ್‌ಗೆ ಒಂದು ವೆಕ್ಟರ್ ಸುಮಾರು 3 ಕೆಬಿ, ಹತ್ತು ಲಕ್ಷಕ್ಕೆ 3 ಜಿಬಿ, ಅದರ ಮೇಲೆ ಗ್ರಾಫ್‌ನ ಕೊಂಡಿಗಳು. ಅದು ರ‍್ಯಾಮ್‌ನಲ್ಲಿ ಕೂರದಿದ್ದರೆ ಲೇಟೆನ್ಸಿಯೇ ಹೇಳಿಬಿಡುತ್ತದೆ.

ತಿಂಗಳ ರಿವ್ಯೂ ಸ್ಲೈಡ್‌ನಲ್ಲಿ ಮಾತ್ರ ಇನ್ನೂ ಅಪ್‌ಟೈಮ್ ಮತ್ತು ಪಿ95 ಎರಡೇ ಇವೆ. ಕಡಿಮೆ ಸಾಲು ಬಂದ ಟೆನೆಂಟ್‌ಗಳ ಪಟ್ಟಿಯನ್ನೂ ಅದರಲ್ಲಿ ಸೇರಿಸಿ ಅಂತ ಪ್ರತಿ ಸಲ ಕೇಳುತ್ತಿದ್ದೇನೆ. ಮುಂದಿನ ರಿವ್ಯೂನಲ್ಲೂ ಕೇಳುತ್ತೇನೆ.