ಬರಿ ಮಂಜುಗಡ್ಡೆಯ ಸರೋವರ, ನಿಲ್ಲದೆ ತಿರುಗಿದ ಫ್ಯಾನು

ಮೊದಲ ದಿನದ ಕಾಡುದಾರಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮೆತ್ತನೆಯ ಹಿಮ ಬಿದ್ದಿತ್ತು, ನಮ್ಮ ಎರಡೂ ಸ್ನೋಮೊಬೈಲ್‌ಗಳು (ಹಿಮದ ಮೇಲೆ ಓಡುವ ಗಾಡಿಗಳು) ತಣ್ಣಗೆ ಓಡಿದವು. ಎರಡನೇ ದಿನ ಸರೋವರ ಸಿಕ್ಕಿತು. ಮೇಲಿನ ಹಿಮವನ್ನೆಲ್ಲ ಗಾಳಿ ಗುಡಿಸಿ ಹಾಕಿತ್ತು. ಕೆಳಗೆ ಕಪ್ಪು ಗಾಜಿನಂಥ ಮಂಜುಗಡ್ಡೆ, ಅದರ ಆಳಕ್ಕಿಳಿದ ಬಿಳಿ ಬಿರುಕುಗಳು. ಇಡೀ ಹಾದಿಯಲ್ಲಿ ಅಷ್ಟು ಚೆಂದದ ಜಾಗ ಇನ್ನೊಂದಿರಲಿಲ್ಲ. ಎಂಜಿನ್‌ಗೆ ಮಾತ್ರ ಅಂಥ ಜಾಗ ಬಿರುಬೇಸಿಗೆ ಇದ್ದ ಹಾಗೆ.

ಟೂ-ಸ್ಟ್ರೋಕ್ ಗಾಡಿಗೆ ರೇಡಿಯೇಟರ್ ಇರಲಿಲ್ಲ. ಅದರ ಕೂಲಂಟ್ (ಎಂಜಿನ್ ತಣಿಸುವ ದ್ರವ) ಸೀಟಿನ ಕೆಳಗಿನ ಅಲ್ಯೂಮಿನಿಯಂ ಕೊಳವೆಗಳಲ್ಲಿ ಹರಿಯುತ್ತದೆ, ಟ್ರ್ಯಾಕ್ (ಗಾಡಿಯನ್ನು ಮುಂದೆ ತಳ್ಳುವ ಪಟ್ಟಿ) ಎರಚುವ ಹಿಮ ತಾಗಿ ತಣಿಯುತ್ತದೆ. ಎರಚಲು ಹಿಮವಿಲ್ಲದಿದ್ದರೆ ತಂಪೂ ಇಲ್ಲ. ಅದಕ್ಕೆ ಪರಿಹಾರ ಸ್ಕ್ರ್ಯಾಚರ್: ಗಡ್ಡೆಯನ್ನು ಕೆರೆದು ಪುಡಿ ಎಬ್ಬಿಸುವ ಸ್ಪ್ರಿಂಗಿನ ಮೊಳೆ. ಇಳಿಸಿದರೆ ಮುಗಿಯಿತು. ರಿವರ್ಸ್ ಹೋಗುವ ಮುನ್ನ ಮಾತ್ರ ಎತ್ತಿಡಬೇಕು, ಇಲ್ಲದಿದ್ದರೆ ಕೆಲವು ಬಗೆಯವು ಬಾಗಿಬಿಡುತ್ತವೆ.

ಸಾಮಾನಿನ ಜಾರುಬಂಡಿ ಎಳೆಯುತ್ತಿದ್ದ ಫೋರ್-ಸ್ಟ್ರೋಕ್ ಗಾಡಿಯದು ಬೇರೆ ಕಥೆ. ಅದಕ್ಕೆ ಮುಂದೆ ರೇಡಿಯೇಟರ್, ರೇಡಿಯೇಟರಿನ ಹಿಂದೆ 12 ವೋಲ್ಟಿನ ಫ್ಯಾನು. ಹೊರಗೆ ಮೈನಸ್ 18 ಡಿಗ್ರಿ ಚಳಿ, ಡ್ಯಾಶಿನಲ್ಲಿ ಎಂಜಿನ್ ಕಾದಿದೆ ಎನ್ನುವ ಕೆಂಪು ದೀಪ! ಕಾರಣ ಗಾಳಿಯೇ. ಅದು ಹಿಂದಿನಿಂದ ಬೀಸುತ್ತಿತ್ತು, ಭಾರ ಎಳೆಯುವ ಗಾಡಿ ಹೆಚ್ಚುಕಮ್ಮಿ ಅದರದೇ ವೇಗದಲ್ಲಿತ್ತು. ಎರಡೂ ಸಮವಾದಾಗ ರೇಡಿಯೇಟರಿನ ಪಾಲಿಗೆ ಗಾಡಿ ನಿಂತಲ್ಲೇ ನಿಂತಂತೆ. ಆಗ ಫ್ಯಾನೊಂದೇ ಗತಿ, ಅದೇ ತಿರುಗುತ್ತಿರಲಿಲ್ಲ.

ಪತ್ತೆ ಹಚ್ಚಲು ಐದು ನಿಮಿಷ ಸಾಕಾಯಿತು. ರೇಡಿಯೇಟರಿಗೆ ಕೂರಿಸಿದ, ಬಿಸಿಯೇರಿದಾಗ ಫ್ಯಾನು ಹಾಕುವ ಥರ್ಮೋಸ್ವಿಚ್ಚಿನ ಪ್ಲಗ್ ಕಳಚಿ, ಪ್ಲಗ್ಗಿನ ಎರಡು ತುದಿಗಳನ್ನು ತುಂಡು ವೈರಿನಿಂದ ಸೇರಿಸಿದಾಗ ಫ್ಯಾನು ತಿರುಗಿತು. ಅಂದರೆ ಮೋಟಾರು, ಫ್ಯೂಸು, ರಿಲೇ (ಸಣ್ಣ ಕರೆಂಟಿನ ಆಜ್ಞೆಗೆ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಸರಿ, ಥರ್ಮೋಸ್ವಿಚ್ಚು ಹಾಳು. ಆ ತುಂಡು ವೈರನ್ನೇ ಟೇಪು ಸುತ್ತಿ ಬಿಟ್ಟು ಸರೋವರ ದಾಟಿದೆವು.

ತಂಗುವ ಗುಡಿಸಲು ತಲುಪಿ ಕೀ ಆರಿಸಿದ ಮೇಲೂ ಫ್ಯಾನು ತಿರುಗುತ್ತಲೇ ಇತ್ತು. ಬಿಸಿ ಇಳಿದ ಮೇಲೆ ತಾನೇ ನಿಲ್ಲುತ್ತದೆ ಎಂದುಕೊಂಡದ್ದು ತಪ್ಪಾಯಿತು. ನಿಲ್ಲಿಸಬೇಕಾದ ಸ್ವಿಚ್ಚನ್ನೇ ಕಳಚಿಟ್ಟಿದ್ದಾಗ ಅದು ನಿಲ್ಲುವುದು ಹೇಗೆ? ಆ ಗಾಡಿಯ ಫ್ಯಾನ್ ಸರ್ಕ್ಯೂಟಿಗೆ ಕೀ ಆರಿಸಿದರೂ ಕರೆಂಟು ಇರುತ್ತದೆ, ನಿಂತ ಎಂಜಿನ್ ತಣಿಯಲಿ ಎಂದು. ಫ್ಯಾನು 7 ಆಂಪಿಯರ್ ಎಳೆದರೆ 18 ಆಂಪಿಯರ್-ಅವರ್ ಬ್ಯಾಟರಿ ಎರಡೂವರೆ ಗಂಟೆಯ ಲೆಕ್ಕ, ಆ ಚಳಿಯಲ್ಲಿ ಅಷ್ಟೂ ಇಲ್ಲ. ಬೆಳಗ್ಗೆ ನೋಡಿದರೆ 9 ವೋಲ್ಟ್. ಇನ್ನೊಂದು ಗಾಡಿಯ ಬ್ಯಾಟರಿಯಿಂದ ಜಂಪ್ ಕೊಟ್ಟು ಎಬ್ಬಿಸಬೇಕಾಯಿತು. ಹೀಗೆ ನೇರ ಜೋಡಿಸುವ ಯಾರೇ ಆಗಲಿ, ಒಮ್ಮೆ ಕೀ ಆರಿಸಿ ಫ್ಯಾನು ನಿಲ್ಲುತ್ತದೆಯೇ ಎಂದು ಮೊದಲು ನೋಡಿಕೊಳ್ಳಲಿ.

“ಹಾಗಾದರೆ ಹ್ಯಾಂಡಲ್ ಬಿಸಿಮಾಡುವ ವೈರಿನಿಂದಲೇ ಫ್ಯಾನಿಗೆ ಕರೆಂಟು ಕೊಟ್ಟುಬಿಡೋಣ, ಕೀ ಆರಿಸಿದರೆ ಅದೂ ಆರುತ್ತದಲ್ಲ?” ಎಂದು ಜೊತೆಗಾರರು ಕೇಳಿದರು.

“ಆರುತ್ತದೆ ಸರ್. ಆದರೆ ಆ ವೈರು ಸಣ್ಣದು. ಫ್ಯಾನು ಹೊರಡುವ ಕ್ಷಣದಲ್ಲಿ ಎರಡು-ಮೂರು ಪಟ್ಟು ಎಳೆಯುತ್ತದೆ. ಫ್ಯೂಸು ಹೋಗುತ್ತದೆ, ಇಲ್ಲವೇ ಕೀ ಸ್ವಿಚ್ಚಿನ ಒಳಗೆ ಸುಡುತ್ತದೆ.”

“ಮತ್ತೆ?”

“ಆ ವೈರು ಆಜ್ಞೆ ಕೊಟ್ಟರೆ ಸಾಕು. ಭಾರ ಹೊರುವುದಕ್ಕೆ ರಿಲೇ ಇದೆ.”

ಬಿಡಿಭಾಗದ ಡಬ್ಬಿಯಲ್ಲಿ ನಾಲ್ಕು ಕಾಲಿನ ರಿಲೇ ಒಂದಿತ್ತು, ಕಾಲುಗಳಿಗೆ 30, 87, 85, 86 ಎಂಬ ಗುರುತು. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿದೆವು. ಬ್ಯಾಟರಿ ಪಾಸಿಟಿವ್‌ನಿಂದ 2.5 ಚದರ ಮಿಲಿಮೀಟರ್ ವೈರು, ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸು, ಅಲ್ಲಿಂದ ರಿಲೇಯ 30ಕ್ಕೆ. 87ರಿಂದ ಅದೇ ದಪ್ಪದ ವೈರು ಫ್ಯಾನಿನ ಪಾಸಿಟಿವ್‌ಗೆ. ಫ್ಯಾನಿಗೆ ಮೊದಲಿದ್ದ ಪಾಸಿಟಿವ್ ವೈರನ್ನು ಕಳಚಿ ತುದಿಗೆ ಸ್ಲೀವ್ ಹಾಕಿ ಕಟ್ಟಿಟ್ಟೆವು. ತುಂಡು ವೈರನ್ನೂ ತೆಗೆದೆವು. ಕೀ ಹಾಕಿದಾಗ ಮಾತ್ರ ಜೀವ ಬರುವ ಹ್ಯಾಂಡಲ್ ಹೀಟರಿನ ಫೀಡು 86ಕ್ಕೆ. 85 ಒಂದು ಸಣ್ಣ ಟಾಗಲ್ ಸ್ವಿಚ್ಚಿನ ಮೂಲಕ ಗ್ರೌಂಡಿಗೆ. ರಿಲೇಯೊಳಗೆ 85, 86ರ ನಡುವಿನ ಕಾಯಿಲ್ (ತಂತಿಸುರುಳಿ) ಎಳೆಯುವುದು ಆಂಪಿಯರಿನ ಐದನೇ ಒಂದು ಭಾಗದಷ್ಟು, ಹಾಗಾಗಿ 0.75ರ ವೈರು ಧಾರಾಳ. 85, 86ರ ನಡುವೆ ಒಂದು 1ಎನ್4007 ಡಯೋಡು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ಬಿಳಿ ಪಟ್ಟಿಯ ತುದಿ 86ರ ಕಡೆಗೆ. ಅದು ಉಲ್ಟಾ ಆದರೆ ಸ್ವಿಚ್ಚು ಒತ್ತಿದೊಡನೆ ಶಾರ್ಟ್.

ಬ್ಯಾಟರಿಯೇ ಇಲ್ಲದ, ಹಗ್ಗ ಎಳೆದು ಹೊರಡಿಸುವ ಗಾಡಿಗಳಲ್ಲಿ ಲೈಟಿನ ವೈರಿನಲ್ಲಿರುವುದು ಹಲವು ಬಾರಿ ಎಸಿ. ಅಲ್ಲಿ ಡಿಸಿ ಫ್ಯಾನನ್ನು ನೇರ ಸೇರಿಸಲೇಬಾರದು.

ತುದಿಗಳನ್ನು ಬೆಸೆಯುವುದಕ್ಕಿಂತ ಕ್ರಿಂಪ್ ಮಾಡುವುದೇ (ಲೋಹದ ತುದಿಯೊಳಗಿಟ್ಟು ಒತ್ತಿ ಬಿಗಿಸುವುದೇ) ಮೇಲು. ಬೆಸುಗೆ ವೈರಿನೊಳಗೆ ಹರಿದು ಗಟ್ಟಿಯಾದ ಜಾಗದಲ್ಲೇ ಟ್ರ್ಯಾಕಿನ ಅದುರಾಟಕ್ಕೆ ಎಳೆಗಳು ಮುರಿಯುತ್ತವೆ. ಸಾಮಾನ್ಯ ಪಿವಿಸಿ ಕವಚ ಕೊರೆವ ಚಳಿಯಲ್ಲಿ ಕಡ್ಡಿಯಂತಾಗಿ ಸೀಳುತ್ತದೆ. ಸಿಲಿಕೋನ್ ಕವಚದ್ದು ದಾರದಂತೆ ಬಾಗುತ್ತದೆ. ವೈರು ಸೈಲೆನ್ಸರಿನಿಂದ, ಡ್ರೈವ್ ಬೆಲ್ಟಿನಿಂದ ದೂರ ಹಾಯಬೇಕು. ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ಎಳೆಯುತ್ತಿಲ್ಲವೆಂದು ನೋಡಿಕೊಳ್ಳಬೇಕು.

ಸ್ವಿಚ್ಚು ಹಾಕಿದಾಗ ಬರಿ ಸದ್ದು ಕೇಳಿಸಿದರೆ ಸಾಲದು. ಪಾಸಿಟಿವ್, ನೆಗೆಟಿವ್ ಅದಲುಬದಲಾದರೂ ಫ್ಯಾನು ತಿರುಗುತ್ತದೆ, ಗಾಳಿ ಮಾತ್ರ ಉಲ್ಟಾ. ರೇಡಿಯೇಟರಿನ ಮುಂದೆ ಕಾಗದದ ಚೂರು ಹಿಡಿದಾಗ ಅದು ಜಾಲಿಗೆ ಅಂಟಿ ನಿಂತಿತು. ಗಾಳಿಯನ್ನು ಒಳಗೆಳೆಯುವ ಆ ಫ್ಯಾನಿಗೆ ಅದೇ ಸರಿಯಾದ ದಿಕ್ಕು. ಆಮೇಲೆ ಬ್ಯಾಟರಿ ತುದಿಗೆ ಮೀಟರು. ಎಂಜಿನ್ ಐಡಲ್‌ನಲ್ಲಿ, ಫ್ಯಾನೂ ಲೈಟೂ ಉರಿಯುವಾಗ 13.3 ವೋಲ್ಟ್. ಹ್ಯಾಂಡಲ್ ಹೀಟರನ್ನು ಪೂರ್ತಿ ಏರಿಸಿದರೆ 12.5. ಅಂದರೆ ನಿಂತಲ್ಲಿ ಮೂರನ್ನೂ ಒಟ್ಟಿಗೆ ಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತ ಹೋಗುತ್ತದೆ. ಎಂಜಿನ್ ಅತಿಯಾಗಿ ತಣಿದೀತೆಂಬ ಭಯ ಬೇಡ: ಥರ್ಮೋಸ್ಟಾಟ್ ಸರಿಯಿದ್ದರೆ ಬಿಸಿಯೇರುವವರೆಗೆ ಅದು ಕೂಲಂಟನ್ನು ರೇಡಿಯೇಟರಿಗೆ ಬಿಡುವುದೇ ಇಲ್ಲ.

ಮರುದಿನ ಬೆಳಗ್ಗೆ ಕೀ ಹಾಕಿದೊಡನೆ ಫ್ಯೂಸು ಹೋಯಿತು. ವೈರಿಂಗಿನಲ್ಲಿ ತಪ್ಪಿರಲಿಲ್ಲ. ಹಿಂದಿನ ದಿನವಿಡೀ ಫ್ಯಾನು ಎಳೆದುಕೊಂಡ ಹಿಮಪುಡಿ ಕರಗಿ, ರಾತ್ರಿ ಮತ್ತೆ ಗಟ್ಟಿಯಾಗಿ ರೆಕ್ಕೆಯ ಅಂಚನ್ನು ಕವಚಕ್ಕೆ ಹಿಡಿದುಬಿಟ್ಟಿತ್ತು. ಬೆರಳುಗುರಿನಷ್ಟು ದಪ್ಪದ ಗಡ್ಡೆ, ಅಷ್ಟೇ. ಬಿಸಿನೀರು ಸುರಿದರೆ ಅದೂ ಹೆಪ್ಪುಗಟ್ಟುತ್ತದೆ. ಕೀ ತೆಗೆದು, ಟಾಗಲ್ ಆರಿಸಿ, ಮರದ ಕಡ್ಡಿಯಿಂದ ಗಡ್ಡೆ ಬಿಡಿಸಿ, ರೆಕ್ಕೆಯನ್ನು ಕೈಯಲ್ಲೇ ಮೂರು ಸುತ್ತು ತಿರುಗಿಸಿ ಹೊಸ ಫ್ಯೂಸು ಹಾಕಿದೆವು. ವಾಪಸು ಬರುವಾಗ ಅದೇ ಸರೋವರ, ಈ ಸಲ ಎದುರುಗಾಳಿ. ಕೆಂಪು ದೀಪ ಹೊತ್ತಲಿಲ್ಲ.